ಮಹಡಿ ಮನೆಯ ಟೋಪಿ ಅಕ್ಕ

ಹೋದ ವಾರ ಕೊರಿಯರಿನವರು ನಮ್ಮ ಗೇಟಿನ ಮುಂದೆ ಗಾಡಿ ನಿಲ್ಲಿಸಿ, "ಮೇಡಂ, ಮೇಲ್ಗಡೆ ಮನೆ ಬೀಗ ಹಾಕಿದೆ, ಇದನ್ನ ನೀವೇ ಇಟ್ಕೊಳ್ತೀರಾ?" ಎಂದು ತೆಳ್ಳನೆಯ ಲಕೋಟೆಯೊಂದನ್ನು ಕೊಟ್ಟು ಹೋದರು. ಮೇಲೆ ಮಹಡಿ ಮನೆಯ ಅಕ್ಕನ ಹೆಸರಿತ್ತು. ಒಳಗೇನಿದೆ ಎಂದು ಒಡೆಯದೆಯೇ ನನಗೆ ಗೊತ್ತಿತ್ತು. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ದುಂಡಗೆ ಕತ್ತರಿಸಿದ ಕಾಗದ. ಅದರ ನಡುವೆ ಪೆನ್ನಿನಲ್ಲಿ, "ಅಕ್ಕಾ, ಈ ಸಲ ಸ್ವಲ್ಪ ಬಿಗಿ ಇರಲಿ."

ಲಕೋಟೆಯ ಹಿಂದಿದ್ದ ನಂಬರಿಗೆ ಫೋನ್ ಮಾಡಿದೆ. ಬೆಂಗಳೂರಿನಲ್ಲಿ ಸಿನಿಮಾದವರಿಗೆ ಕ್ಯಾಮೆರಾ ಬಾಡಿಗೆ ಕೊಡುವವರು. ಅಕ್ಕ ತೀರಿಕೊಂಡ ವಿಷಯ ಹೇಳಿದೆ. "ಅಯ್ಯೋ, ಹಂಗಾದ್ರೆ ಟೋಪಿ ಯಾರು ಹೊಲೀತಾರೆ?" ಎಂದುಬಿಟ್ಟರು. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡವರ ಹಾಗೆ, "ಸಾರಿ ಮೇಡಂ, ಬಾಯಿಗೆ ಬಂದ್ಬಿಡ್ತು" ಎಂದರು. ನನಗೆ ಬೇಸರವೇನೂ ಆಗಲಿಲ್ಲ. ಅಕ್ಕ ಇದ್ದಿದ್ದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಅಕ್ಕ ಹೊಲಿಯುತ್ತಿದ್ದದ್ದು ಸಿನಿಮಾ ಕ್ಯಾಮೆರಾದ ಲೆನ್ಸುಗಳಿಗೆ ಹಾಕುವ ಮುಚ್ಚಳ. ಧೂಳು, ಬೆರಳಿನ ಗುರುತು, ಗೀರು ಯಾವುದೂ ಗಾಜಿಗೆ ತಾಕದ ಹಾಗೆ ಕಾಯುವ ಕವಚ. ಹೊಸ ಲೆನ್ಸುಗಳ ಜೊತೆ ಅದು ಬಂದೇ ಬರುತ್ತದಂತೆ. ಹಳೆಯ ಕಾಲದ ಲೆನ್ಸುಗಳ ಮುಚ್ಚಳ ಕಳೆದುಹೋದರೆ ಮಾತ್ರ ಆ ಅಳತೆಯದು ಎಲ್ಲೂ ಸಿಗುವುದಿಲ್ಲ. ಅಂಥವಕ್ಕೆ ಅಕ್ಕ ದಪ್ಪ ರೆಕ್ಸಿನ್ನಿನಲ್ಲಿ, ಒಳಗೆ ಮೆತ್ತನೆಯ ಫೆಲ್ಟ್ ಬಟ್ಟೆ ಅಂಟಿಸಿ, ಅಂಚಿಗೆ ಎರಡು ಸುತ್ತು ಹೊಲಿಗೆ ಹಾಕಿ ಮುಚ್ಚಳ ಮಾಡಿ ಕಳಿಸುತ್ತಿದ್ದರು. ಅವರ ಬಾಯಲ್ಲಿ ಅದು ಟೋಪಿ. ನಾವು ಶಿವಮೊಗ್ಗ ವಿನೋಬನಗರದ ಈ ಮನೆಗೆ ಬಂದ ಹೊಸದರಲ್ಲಿ ನಾನು, "ಅಕ್ಕ, ನೀವು ಏನು ಕೆಲಸ ಮಾಡ್ತೀರಿ?" ಎಂದು ಕೇಳಿದ್ದೆ. ಅವರು ಮುಖ ಗಂಭೀರ ಮಾಡಿಕೊಂಡು, "ಬೆಂಗಳೂರಿನೋರಿಗೆ ಟೋಪಿ ಹಾಕ್ತೀನಿ ಮಾರಾಯ್ತಿ" ಎಂದಿದ್ದರು. ನಾನು ಹೆದರಿ ಮನೆಯವರಿಗೆ ಹೇಳಿದೆ. ಅವರು ಇವತ್ತಿಗೂ ಆ ಮಾತು ಎತ್ತಿ ನನ್ನನ್ನು ಆಡಿಕೊಳ್ಳುತ್ತಾರೆ.

ಈ ಕಸುಬು ಶುರುವಾದದ್ದು ಅವರ ಯಜಮಾನರಿಂದ. ನಾನು ಅವರನ್ನು ಭಾವ ಎಂದೇ ಕರೆಯುತ್ತಿದ್ದೆ. ಭಾವ ಕ್ಯಾಮೆರಾ ಅಟೆಂಡೆಂಟ್ ಆಗಿದ್ದವರು. ಬಾಡಿಗೆಗೆ ಹೋದ ಕ್ಯಾಮೆರಾದ ಜೊತೆಯಲ್ಲೇ ಹೋಗಿ, ಅದನ್ನು ಕಾದು, ಒರೆಸಿ, ಪೆಟ್ಟಿಗೆಗೆ ತುಂಬಿ ವಾಪಸು ತರುವ ಕೆಲಸ. ಮದುವೆಯಾದ ಹೊಸತರಲ್ಲಿ ಇಲ್ಲೇ ತ್ಯಾವರೆಕೊಪ್ಪದ ಸಿಂಹಧಾಮದಲ್ಲಿ ಶೂಟಿಂಗ್ ಇತ್ತಂತೆ. ಸಫಾರಿ ಗಾಡಿಯ ಜಾಲರಿಯ ಸಂದಿಯಿಂದ ಲೆನ್ಸಿನ ಮುಚ್ಚಳ ಕೈಜಾರಿ ಹೊರಗೆ ಬಿತ್ತು. ಸಿಂಹ ಮಲಗಿದ್ದ ಜಾಗ. ಇಳಿಯುವ ಹಾಗಿಲ್ಲ. ಸಂಜೆ ಭಾವ ಅಳುಮುಖ ಹಾಕಿಕೊಂಡು ಮನೆಗೆ ಬಂದಾಗ ಅಕ್ಕ ತವರಿನಿಂದ ತಂದಿದ್ದ ರೆಕ್ಸಿನ್ ಬ್ಯಾಗನ್ನೇ ಕತ್ತರಿಸಿ ಮೊದಲನೇ ಟೋಪಿ ಹೊಲಿದುಕೊಟ್ಟರು. "ಎಂಥೆಂಥವ್ರೋ ಮನುಷ್ಯರಿಗೆ ಟೋಪಿ ಹಾಕ್ತಾರೆ, ನಮ್ಮ ಯಜಮಾನ್ರು ತ್ಯಾವರೆಕೊಪ್ಪದ ಸಿಂಹಕ್ಕೇ ಟೋಪಿ ಕೊಟ್ಟು ಬಂದ್ರು" ಎಂದು ಅಕ್ಕ ಹೇಳುವಾಗ ಪಕ್ಕದಲ್ಲಿ ಕೂತ ಭಾವನ ಮುಖ ನೋಡುತ್ತಿದ್ದರು. ಒಂದು ಕಾಲದಲ್ಲಿ ಭಾವ ಅದಕ್ಕೆ ನಗುತ್ತಿದ್ದಿರಬೇಕು. ನಾನು ನೋಡುವ ಹೊತ್ತಿಗೆ ಅವರಿಗೆ ಅದು ತಮ್ಮ ಕತೆ ಎಂಬುದೇ ಮರೆತುಹೋಗಿತ್ತು.

ಮನೆಯಲ್ಲಿ ಒಂದು ಲೆನ್ಸೂ ಇರಲಿಲ್ಲ. ಹಾಗಾದರೆ ಹೊಲಿದ ಟೋಪಿ ಸರಿ ಕೂರುತ್ತದೋ ಇಲ್ಲವೋ ನೋಡುವುದು ಹೇಗೆ? ಅದಕ್ಕೆ ಅಕ್ಕನ ಅಡುಗೆಮನೆ ಇತ್ತು. ಲೆನ್ಸಿನ ಅಳತೆಗೆಂದು ಬಂದ ಕಾಗದದ ಬಿಲ್ಲೆಯನ್ನು ಹಿಡಿದುಕೊಂಡು ಪಾತ್ರೆ ಪಾತ್ರೆಗೂ ಇಟ್ಟು ನೋಡುವರು. ಒಂದು ಅಳತೆಗೆ ಕಾಫಿ ಫಿಲ್ಟರು, ಇನ್ನೊಂದಕ್ಕೆ ಸಾಸಿವೆ ಡಬ್ಬಿ, ದೊಡ್ಡ ಲೆನ್ಸಿಗೆ ತುಪ್ಪದ ಗಿಂಡಿ. ಟೋಪಿ ಹಾಕಿ ಪಾತ್ರೆಯನ್ನು ತಲೆಕೆಳಗು ಮಾಡಿ ಅಲುಗಿಸುವರು. "ತಾನಾಗಿ ಬೀಳಬಾರ್ದು. ಹಾಗಂತ ಎಳೆದ್ರೂ ಬಿಡಲ್ಲ ಅಂತ ಹಿಡ್ಕೊಂಡು ಕೂರಲೂಬಾರ್ದು. ಎರಡು ಬೆರಳಿಗೆ ಬರ್ಬೇಕು" ಎನ್ನುವರು.

ಎರಡನೆಯ ಪರೀಕ್ಷೆ ಬೆಳಕಿನದು. ಈಗಿನ ಕ್ಯಾಮೆರಾಗಳಿಗೆ ಕೆಲಸ ಶುರುವಾಗುವ ಮೊದಲು ಟೋಪಿ ಹಾಕಿ ಪೂರ್ತಿ ಕತ್ತಲೆ ತೋರಿಸಬೇಕಂತೆ. ಕಪ್ಪು ಅಂದರೆ ಯಾವುದು ಎಂದು ಅದಕ್ಕೆ ಮೊದಲು ಗೊತ್ತಾಗಬೇಕಂತೆ. ಹೊಲಿಗೆಯ ತೂತಿನಿಂದ ಚೂರು ಬೆಳಕು ನುಸುಳಿದರೂ ಕೆಟ್ಟಿತು. ಅದಕ್ಕೇ ಅಕ್ಕ ಹೊಲಿದಾದ ಮೇಲೆ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿಗೆ ಟೋಪಿ ಒತ್ತಿ ಹಿಡಿದು, ಟ್ಯೂಬ್‌ಲೈಟಿನ ಕಡೆ ಮುಖವೆತ್ತಿ ಕೂರುತ್ತಿದ್ದರು. ಪರೀಕ್ಷೆಗೆ ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತೇ ಕೂರುತ್ತಿದ್ದರು. ಒಮ್ಮೆ ನಾನು, "ಅಕ್ಕ, ಎಲ್ಲಾದ್ರೂ ತೂತು ಕಾಣ್ತಾ?" ಎಂದೆ. ಟೋಪಿ ತೆಗೆಯದೆಯೇ, "ಸುಮ್ನಿರೇ. ನಂಗೆ ಸಿಗೋ ರಜೆ ಇದೊಂದೇ" ಎಂದರು.

ರಜೆ ಎಂಬ ಮಾತನ್ನು ಅವರು ತಮಾಷೆಗೆ ಹೇಳಿದ್ದಲ್ಲ. ಭಾವನ ಮರೆವು ನಾವು ಬರುವ ಮೊದಲೇ ಶುರುವಾಗಿತ್ತು, ನಾವು ಬಂದ ಮೇಲೆ ಬಲಿಯಿತು. ಮಕ್ಕಳಿರಲಿಲ್ಲ. ಭಾವ ಬೆಳಗ್ಗೆ ಎದ್ದವರೇ ಇಸ್ತ್ರಿ ಅಂಗಿ ಹಾಕಿಕೊಂಡು, ಕಂಪನಿಯವರು ಬಿಟ್ಟುಕೊಟ್ಟಿದ್ದ ಖಾಲಿ ಲೆನ್ಸ್ ಪೆಟ್ಟಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತು, "ಬಂತಾ?" ಎಂದು ಕೇಳುವರು. ಶೂಟಿಂಗಿಗೆ ಕರೆದುಕೊಂಡು ಹೋಗುವ ಗಾಡಿ ಬಂತಾ ಎಂದು. "ಇನ್ನೂ ಇಲ್ಲ" ಎಂದರೆ ಸರಿ. ಸ್ವಲ್ಪ ಹೊತ್ತಿಗೆ ಮತ್ತೆ, "ಬಂತಾ?" ಬಾಗಿಲು ತೆರೆದಿದ್ದರೆ ಬಂದೇಬಿಟ್ಟಿದೆಯೆಂದು ಹೊರಟುಬಿಡುವರು. ಒಮ್ಮೆ ಹಾಗೆ ಹೋದವರು ಹೊಳೆಹೊನ್ನೂರು ರಸ್ತೆಯಲ್ಲಿ ಯಾವುದೋ ಮದುವೆಯ ಟೆಂಪೋ ಹತ್ತಿ ಕೂತಿದ್ದರು. ಅಂದಿನಿಂದ ಬಾಗಿಲಿಗೆ ಒಳಗಿನಿಂದ ಬೀಗ. ಕೀಲಿ ಅಕ್ಕನ ತಾಳಿ ಸರದಲ್ಲಿ. ಭಾವನನ್ನು ಒಳಗಿಡಲು ಅಕ್ಕ ತಾವೂ ಒಳಗುಳಿದರು.

ಹೊರಗಿನ ಸಾಮಾನೆಲ್ಲ ಬುಟ್ಟಿಯಲ್ಲಿ ಹೋಗುತ್ತಿತ್ತು. ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಬಿಡುತ್ತಿದ್ದರು. ಗಾಂಧಿ ಬಜಾರಿನ ಕಡೆ ಸೀಟ್ ಕವರ್ ಹೊಲಿಯುವ ಭಾಯ್ ಒಬ್ಬರು ರೆಕ್ಸಿನ್ ತುಂಡು ತಂದು ಬುಟ್ಟಿಗೆ ಹಾಕುವಾಗ ಕೆಳಗಿನಿಂದಲೇ ಕೂಗುವರು: "ಅಕ್ಕಾ, ಒಂದ್ಸಲ ಅಂಗಡಿ ಕಡೆ ಬನ್ನಿ, ಹೊಸ ಮಾಲ್ ಬಂದೈತೆ. ಚಾಯ್ ಕುಡಿಸ್ತೀನಿ."

"ಚಾಯ್‌ನೂ ಬುಟ್ಟೀಲೇ ಇಡಪ್ಪ, ಎಳ್ಕೊಳ್ತೀನಿ."

ಭಾವನಿಗೆ ಇನ್ನೊಂದು ಅಭ್ಯಾಸ. ತೆರೆದಿರುವ ಯಾವುದನ್ನೂ ಅವರು ಹಾಗೆ ಬಿಡುತ್ತಿರಲಿಲ್ಲ. ನಲ್ಲಿಯ ಬಾಯಿಗೆ ಟೋಪಿ, ಲೋಟಕ್ಕೆ ಟೋಪಿ, ಒಲೆಯ ಬರ್ನರಿಗೂ ಟೋಪಿ. "ನಮ್ಮನೇಲಿ ಸಾರೂ ತಲೆಗೆ ಟೋಪಿ ಹಾಕ್ಕೊಂಡೇ ಕುದಿಯೋದು" ಎಂದು ಅಕ್ಕ ನಗುವರು. ಮುಂಬಾಗಿಲಿನಲ್ಲಿ, ಹೊರಗೆ ಬಂದವರು ಯಾರೆಂದು ನೋಡಲು ಒಂದು ಗಾಜಿನ ಕಣ್ಣಿತ್ತು. ಭಾವನಿಗೆ ಅದೂ ಲೆನ್ಸೇ. "ಲೆನ್ಸ್ ಓಪನ್ ಬಿಡಬಾರ್ದು" ಎಂದು ಅದಕ್ಕೆ ಕಾಗದ ತುರುಕುವರು, ಟೇಪ್ ಹಚ್ಚುವರು. ಕಡೆಗೆ ಅಕ್ಕನೇ ಸೋತು, ಹೆಬ್ಬೆರಳ ತುದಿಯಷ್ಟು ದೊಡ್ಡದೊಂದು ಟೋಪಿ ಹೊಲಿದು, ದಾರ ಕಟ್ಟಿ ಮೊಳೆಗೆ ನೇತುಹಾಕಿದರು. ಅವರು ಹೊಲಿದದ್ದರಲ್ಲಿ ಅತಿ ಚಿಕ್ಕದು ಅದೇ ಇರಬೇಕು. ನಾನು ಮೆಟ್ಟಿಲು ಹತ್ತಿ ಹೋದಾಗ ಬಾಗಿಲಲ್ಲಿ ಬೆಳಕಿನ ಚುಕ್ಕೆ ಕಂಡರೆ ಭಾವ ಮಲಗಿದ್ದಾರೆ, ಚುಕ್ಕೆ ಕಪ್ಪಾಗಿದ್ದರೆ ಎದ್ದಿದ್ದಾರೆ ಎಂದು ಲೆಕ್ಕ.

ನನ್ನ ಮೊದಲ ಕಾಫಿಯ ಪ್ರಸಂಗ ಹೇಳಲೇಬೇಕು. ಅಂದು ಲೋಟ ತಂದುಕೊಟ್ಟವರು ಭಾವ. ನಾನು ಎರಡೂ ಕೈಯಲ್ಲಿ ಹಿಡಿದು, ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಹಾಗೆ, "ಥ್ಯಾಂಕ್ಯೂ ಭಾವ" ಎಂದೆ. ಅವರು ಲೋಟ ಬಿಡಲಿಲ್ಲ. ನಾನು ಇನ್ನೂ ಮೆತ್ತಗೆ, "ಥ್ಯಾಂಕ್ಯೂ ಸೋ ಮಚ್" ಎಂದೆ. ಊಹೂಂ. ಬಿಸಿ ಲೋಟವನ್ನು ಇಬ್ಬರೂ ಹಿಡಿದು ನಿಂತಿದ್ದೇವೆ, ಬೆರಳು ಸುಡುತ್ತಿದೆ. ಒಳಗಿನಿಂದ ಅಕ್ಕ, "ಬಂತು ಅನ್ನೇ! ಬಂತು ಅನ್ನು!" ಎಂದು ಕೂಗಿದರು. "ಬಂತು" ಎಂದೆ. ತಕ್ಷಣ ಬಿಟ್ಟರು.

ಅದು ಅವರ ಯೂನಿಟ್ಟಿನ ಕ್ರಮವಂತೆ. ಲೆನ್ಸನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವಾಗ ತೆಗೆದುಕೊಳ್ಳುವವರು ತಮ್ಮ ಹಿಡಿತ ಭದ್ರವಾದ ಮೇಲೆ "ಬಂತು" ಎನ್ನಬೇಕು. ಆ ಮಾತು ಕಿವಿಗೆ ಬೀಳುವವರೆಗೆ ಕೊಡುವವರು ಬಿಡುವ ಹಾಗಿಲ್ಲ. ತಲೆ ಆಡಿಸಿದರೆ ಸಾಲದು, ನಕ್ಕರೆ ಸಾಲದು. ಉಳಿದದ್ದೆಲ್ಲ ಮರೆತುಹೋದ ಭಾವನಿಗೆ ಇದೊಂದು ಮರೆಯಲಿಲ್ಲ. ಆ ಮನೆಯಲ್ಲಿ ತಟ್ಟೆ, ಟವೆಲ್ಲು, ಮಾತ್ರೆ ಎಲ್ಲವೂ "ಬಂತು" ಎಂದೇ ಕೈ ಬದಲಾಯಿಸುತ್ತಿದ್ದವು. ಅಕ್ಕನಿಗೂ ಅದು ಎಷ್ಟು ರೂಢಿಯಾಗಿತ್ತೆಂದರೆ, ನಾನು ಕರಿಬೇವು ಕೊಟ್ಟರೂ "ಬಂತು" ಎನ್ನುವರು.

ಅಕ್ಕನ ಒಬ್ಬಳೇ ತಂಗಿ ಇದ್ದದ್ದು ಭದ್ರಾವತಿಯ ನ್ಯೂ ಟೌನಿನಲ್ಲಿ. ಹೋದ ವರ್ಷ ಆಕೆಯ ಕಾಯಿಲೆಗೆ ಇನ್ನು ಮಾಡುವುದೇನೂ ಇಲ್ಲವೆಂದು ಡಾಕ್ಟರು ಮನೆಗೆ ಕಳಿಸಿದರು. ಶಿವಮೊಗ್ಗಕ್ಕೂ ಭದ್ರಾವತಿಗೂ ಎಷ್ಟು ದೂರ? ಕಿಟಕಿ ಪಕ್ಕ ಕೂತು ಎರಡು ಮಾತಾಡುವುದರೊಳಗೆ ಊರು ಬರುತ್ತದೆ. ಆ ದೂರವನ್ನೇ ಅಕ್ಕ ದಾಟಲಾರದೆ ಕೂತಿದ್ದರು. ಉಸಿರಿರುವಾಗ ತಂಗಿಯನ್ನು ಒಂದು ಸಲ ನೋಡಬೇಕು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ವಿಡಿಯೋ ಕಾಲ್ ಮಾಡಿಕೊಟ್ಟೆ. ಭಾವ ಬಂದು ಫೋನಿನ ಲೆನ್ಸಿನ ಮೇಲೆ ಹೆಬ್ಬೆರಳು ಒತ್ತಿಬಿಟ್ಟರು. "ಅಕ್ಕಾ, ಬರೀ ಕತ್ತಲೆ ಕಾಣ್ತಿದೆ ಕಣೇ, ನಿನ್ನ ಮುಖ ತೋರ್ಸೇ" ಎಂದು ಆ ಕಡೆಯ ಕ್ಷೀಣ ದನಿ. ಭಾವನನ್ನೂ ಕರೆದುಕೊಂಡೇ ಹೋಗೋಣವೆಂದು ಒಮ್ಮೆ ಬಸ್ಸು ಹತ್ತಿಸಿದರು. ಮಾಚೇನಹಳ್ಳಿಯಲ್ಲಿ ಫ್ಯಾಕ್ಟರಿ ಶೆಡ್ಡುಗಳು ಕಂಡಿದ್ದೇ ತಡ, ಸ್ಟುಡಿಯೋ ಎಂದುಕೊಂಡು, "ಫ್ಲೋರ್ ಬಂತು, ಇಳೀರಿ ಇಳೀರಿ" ಎಂದು ಭಾವ ಎದ್ದೇಬಿಟ್ಟರು. ಗೇಟಿನ ವಾಚ್‌ಮನ್ ಹತ್ತಿರ ಕ್ಯಾಮೆರಾ ಎಲ್ಲಿಳಿಸಬೇಕೆಂದು ಕೇಳುತ್ತ ನಿಂತವರನ್ನು ಅಕ್ಕ ಕಾಡಿಬೇಡಿ ಆಟೋದಲ್ಲಿ ವಾಪಸು ತಂದರು. ಅಂದು ಅಕ್ಕನ ಮೊಣಕೈ ತರಚಿತ್ತು. ಹೇಗೆಂದು ನಾನು ಕೇಳಲಿಲ್ಲ.

"ನಾನು ಕೂತಿರ್ತೀನಿ ಅಕ್ಕ, ನೀವು ಹೋಗ್ಬನ್ನಿ" ಎಂದೆ. ಮೊದಲು ನೇಮಿಸಿದ್ದ ನರ್ಸಮ್ಮನನ್ನು ಭಾವ ಪೆಟ್ಟಿಗೆಯ ಹತ್ತಿರ ಸುಳಿಯಗೊಡದೆ ಓಡಿಸಿದ್ದರು. ನನ್ನನ್ನು ಮಾತ್ರ ಅವರು ಯಾರೋ ಹೀರೋಯಿನ್ನಿನ ತಾಯಿ ಎಂದುಕೊಂಡಿದ್ದರಿಂದ ಸಹಿಸಿಕೊಳ್ಳುತ್ತಿದ್ದರು. "ಅಮ್ಮ, ನೆರಳಲ್ಲಿ ಕೂತ್ಕೊಳ್ಳಿ. ನಿಮ್ಮ ಮಗಳ ಶಾಟ್ ಇನ್ನೂ ತಡ" ಎನ್ನುವರು.

ಅಕ್ಕ ಒಪ್ಪಿದರು. ಬಿಸಿನೀರು ಎಲ್ಲಿ, ಮಾತ್ರೆ ಯಾವುದು, ಎಲ್ಲ ಹೇಳಿದರು. ಬಾಗಿಲಲ್ಲಿ ನಿಂತು ಭಾವನ ಕೈಯನ್ನು ನನ್ನ ಕೈಗೆ ಕೊಟ್ಟರು. ನಾನು, "ನೀವೇನೂ ಯೋಚ್ನೆ ಮಾಡ್ಬೇಡಿ ಅಕ್ಕ, ಪ್ಲೀಸ್, ನಾನಿದೀನಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಬಾಯಿಯನ್ನೇ ನೋಡಿದರು. ಆಮೇಲೆ ಮೆಟ್ಟಿಲಿಳಿದು ಹೋದರು.

ಭಾವನ ಗಂಜಿ ಮುಗಿಯುವುದರೊಳಗೆ ಬೆಲ್ಲು. ಅಕ್ಕ! ಹಣೆಯಲ್ಲಿ ಬೆವರು, ಕೈಯಲ್ಲಿ ತಂಗಿಗೆಂದು ಒಯ್ದ ಮೂಸಂಬಿಯ ಚೀಲ ಹಾಗೇ ಇದೆ.

"ಬಸ್ಸೇ ಸಿಗ್ಲಿಲ್ಲ ಮಾರಾಯ್ತಿ."

ಶಿವಮೊಗ್ಗದಲ್ಲಿ ಹುಟ್ಟಿದ ಯಾರೂ ಈ ಮಾತು ನಂಬುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಂದರ ಹಿಂದೆ ಒಂದು ನಿಂತಿರುತ್ತವೆ. "ಭದ್ರಾವತಿ ಭದ್ರಾವತಿ ಭದ್ರಾವತಿ" ಎಂದು ಕಂಡಕ್ಟರುಗಳು ಸುಮ್ಮನೆ ನಡೆದು ಹೋಗುವವರನ್ನೂ ಹತ್ತಿಸಿಕೊಳ್ಳಲು ನೋಡುತ್ತಾರೆ. ನಾನು, "ಹೌದಾ ಅಕ್ಕ" ಎಂದೆ. ಅವರು ಮೂಸಂಬಿ ಸುಲಿದು ನನಗೂ ಭಾವನಿಗೂ ಕೊಟ್ಟರು. ತಾವು ತಿನ್ನಲಿಲ್ಲ.

ಕೆಲವು ದಿನ ಆ ವಿಷಯ ಎತ್ತಲಿಲ್ಲ. ಒಂದು ಮಧ್ಯಾಹ್ನ, ಸೂಜಿಗೆ ದಾರ ಪೋಣಿಸುತ್ತಿದ್ದಾಗ, ಅಕ್ಕ ತಾವಾಗಿಯೇ ಎಂದರು: "ಅವತ್ತು ನೀನು ಏನೇನೋ ಅಂದೆ. ಪ್ಲೀಸ್ ಅಂದೆ, ನಾನಿದೀನಿ ಅಂದೆ. ಬಂತು ಅಂತ ಅನ್ನಲೇ ಇಲ್ಲ."

"ಅಯ್ಯೋ ಅಕ್ಕ, ಅದಕ್ಕಾ?"

"ನಗ್ಬೇಡ ಮಾರಾಯ್ತಿ. ಬಸ್ ಸ್ಟ್ಯಾಂಡಿಗೆ ಹೋದೆ, ಬಸ್ಸು ಹತ್ತಿ ಕೂತೂ ಆಗಿತ್ತು. ಕೈ ಮಾತ್ರ ಇಲ್ಲೇ ಸಿಕ್ಕಿಹಾಕ್ಕೊಂಡ ಹಾಗೆ ಆಗ್ತಿತ್ತು. ನಾನು ಅವರನ್ನ ಬಿಟ್ಟಿದ್ದೆ, ನೀನು ಹಿಡ್ಕೊಂಡ್ಯೋ ಇಲ್ವೋ ಗೊತ್ತಾಗ್ಲಿಲ್ಲ. ನಡೂಮಧ್ಯೆ ಬಿಟ್ಟಂಗಾಯ್ತು. ಇಳಿದುಬಿಟ್ಟೆ."

ಮರುದಿನ ಬೆಳಗ್ಗೆ ನಾನೇ ಮೇಲೆ ಹೋದೆ. "ಅಕ್ಕ, ಸೀರೆ ಉಟ್ಕೊಳ್ಳಿ" ಎಂದೆ. ಬಾಗಿಲ ಬಳಿ ಅವರು ಭಾವನ ಕೈಯನ್ನು ನನ್ನ ಕೈಗಳ ನಡುವೆ ಇಟ್ಟರು. ನಾನು ಹಿಡಿತ ಸರಿಮಾಡಿಕೊಂಡೆ. ಭಾವನ ಬೆರಳುಗಳು, ಅವುಗಳ ಮೇಲೆ ಅಕ್ಕನ ಬೆರಳುಗಳು, ಸೂಜಿ ಚುಚ್ಚಿ ಚುಚ್ಚಿ ಗಡುಸಾದವು.

"ಬಂತು" ಎಂದೆ.

ಅಕ್ಕನ ಬೆರಳು ಒಂದೊಂದಾಗಿ ಸಡಿಲವಾದವು. ತಾಳಿ ಸರದಿಂದ ಕೀಲಿ ತೆಗೆದು ಕೊಟ್ಟರು. ಅದಕ್ಕೂ "ಬಂತು" ಎಂದೆ. ಹಿಂದಿರುಗಿ ನೋಡದೆ ಇಳಿದು ಹೋದರು.

ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಎಷ್ಟೋ ಸಲ ಬಂದು ಹೋದ ಮನೆ. ಆದರೆ ಕೀಲಿ ನನ್ನ ಸೆರಗಿನಲ್ಲಿದ್ದಾಗ ಅದು ಬೇರೆಯೇ ಮನೆ. "ಬಂತಾ?" ಎಂದರು ಭಾವ. "ಇನ್ನೂ ಇಲ್ಲ" ಎಂದೆ. ಅವರು ಎದ್ದು ಬಾಗಿಲ ಕಣ್ಣಿಗೆ ಟೋಪಿ ಹಾಕಿ ಬಂದರು. ನಾನು ತೆಗೆದೆ. ಅವರು ಹಾಕಿದರು. ಮಧ್ಯಾಹ್ನದ ಹೊತ್ತಿಗೆ ನಾನು ತೆಗೆಯುವುದನ್ನೇ ಬಿಟ್ಟೆ. ಬಾಲ್ಕನಿಗೆ ಹೋಗಿ ನಿಂತರೆ ಕೆಳಗೆ ನಮ್ಮದೇ ಅಂಗಳ, ನಾನೇ ಒಣಹಾಕಿದ ಬಟ್ಟೆ. ಕಾಗೆಯೊಂದು ಕ್ಲಿಪ್ ಕಚ್ಚಿ ಎಳೆಯುತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಹೋಗುವ ಹಾಗಿಲ್ಲ. "ಬಂತಾ?" "ಇಲ್ಲ ಭಾವ." ಹೊಲಿದಿಟ್ಟ ಟೋಪಿಯೊಂದನ್ನು ಅಕ್ಕನ ಹಾಗೆ ಕಣ್ಣಿಗೆ ಒತ್ತಿ ಹಿಡಿದು ನೋಡಿದೆ. ಫೆಲ್ಟಿನ, ಗೋಂದಿನ ವಾಸನೆ. ಒಂದು ಚೂರೂ ಬೆಳಕಿಲ್ಲ. ಕಿವಿಗೆ ಮಾತ್ರ ಯಾವ ಟೋಪಿಯೂ ಇರಲಿಲ್ಲ. "ಬಂತಾ?"

ಸಂಜೆಗತ್ತಲಾಗುವ ಮುಂಚೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಅಕ್ಕನದೇ ನಡಿಗೆ. ಎದ್ದು ಬೆಲ್ಲಿಗೆ ಕಾದೆ. ಬೆಲ್ಲಾಗಲಿಲ್ಲ. ಕಾದೆ. ಕಡೆಗೆ ಬಾಗಿಲ ಕಣ್ಣಿನ ಟೋಪಿಯನ್ನು ಎರಡು ಬೆರಳಲ್ಲಿ ತೆಗೆದು ಇಣುಕಿದೆ.

ಗಾಜಿನೊಳಗೆ ಎಲ್ಲವೂ ಬಾಗಿ, ದೂರವಾಗಿ ಕಾಣುತ್ತದೆ. ಅಕ್ಕ ಮೇಲಿನ ಮೆಟ್ಟಿಲಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ತೊಡೆಯ ಮೇಲೆ ಕಡಲೆಕಾಯಿಯ ಪೊಟ್ಟಣ. ಒಂದೊಂದೇ ಕಾಯಿ ಸುಲಿದು, ಸಿಪ್ಪೆಯನ್ನು ಪೊಟ್ಟಣದೊಳಗೇ ಹಾಕಿ, ಬೀಜವನ್ನು ನಿಧಾನಕ್ಕೆ ಅಗಿಯುತ್ತಿದ್ದರು. ನಡುವೆ ಸುಮ್ಮನೆ ರಸ್ತೆ ನೋಡುವರು. ಜಡೆಯಲ್ಲಿ ಒಂದು ಎಳೆ ಕನಕಾಂಬರ ಇತ್ತು. ಬೆಳಗ್ಗೆ ಇರಲಿಲ್ಲ. ತಂಗಿ ಮುಡಿಸಿರಬೇಕು.

ನಾನು ಟೋಪಿಯನ್ನು ಮತ್ತೆ ಬಾಗಿಲ ಕಣ್ಣಿಗೆ ಹಾಕಿ, ಸದ್ದಾಗದಂತೆ ಬಂದು ಕೂತೆ.

"ಬಂತಾ?" ಎಂದರು ಭಾವ.

"ಇನ್ನೂ ಇಲ್ಲ ಭಾವ" ಎಂದೆ. "ಬರುತ್ತೆ."

ಕಡಲೆಕಾಯಿ ಮುಗಿದ ಮೇಲೆ ಬೆಲ್ಲಾಯಿತು. ಬೀಗ ತೆಗೆದೆ. "ಬಸ್ಸೇ ಸಿಗ್ಲಿಲ್ಲ ಮಾರಾಯ್ತಿ, ಅದಕ್ಕೇ ತಡ ಆಯ್ತು" ಎಂದರು ಅಕ್ಕ. "ಹೌದಾ ಅಕ್ಕ" ಎಂದೆ. ತಂಗಿಯ ಹತ್ತಿರ ಏನು ಮಾತಾಡಿದಿರಿ ಎಂದು ಕೇಳಿದ್ದಕ್ಕೆ, "ಮಾತೆಲ್ಲಿ? ಅವಳ ಪಕ್ಕದಲ್ಲಿ ಒರಗಿದ್ದೆ, ನಿದ್ದೆ ಬಂದ್ಬಿಡ್ತು. ಪಾಪ, ಅವಳೇ ನಂಗೆ ಹೊದಿಸಿದ್ಲು" ಎಂದರು. ಆ ತಂಗಿಯನ್ನು ಅವರು ನೋಡಿದ್ದು ಅದೇ ಕೊನೆ. ಈ ಮಳೆಗಾಲದಲ್ಲಿ ಅಕ್ಕನೂ ಜ್ವರವೆಂದು ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ. ಭಾವನನ್ನು ಈಗ ತಂಗಿಯ ಮಗಳು ನೋಡಿಕೊಳ್ಳುತ್ತಿದ್ದಾಳೆ, ಭದ್ರಾವತಿಯಲ್ಲಿ. ಫೋನ್ ಮಾಡಿದಾಗಲೆಲ್ಲ ಹಿಂದಿನಿಂದ ಕೇಳಿಸುತ್ತದೆ, "ಬಂತಾ?"

ಅಕ್ಕ ತಂಗಿಯನ್ನು ನೋಡಿ ಬಂದ ಆ ಸಂಜೆ ನಾನು ಭಾವನ ಕೈಯನ್ನು ಅವರ ಕೈಗೆ ಇಟ್ಟೆ. ಅಕ್ಕ ಹಿಡಿದುಕೊಂಡರು. ಹಿಡಿತ ಭದ್ರವಾಗಿಯೇ ಇತ್ತು. ಆದರೆ "ಬಂತು" ಎನ್ನಲಿಲ್ಲ. ತೆರೆದ ಬಾಗಿಲಿನಾಚೆಗೆ ನೋಡುತ್ತಿದ್ದರು. ಕ್ರಮವೆಂದರೆ ಕ್ರಮ. ನಾನೂ ಬಿಡಲಿಲ್ಲ. ಮೂವರೂ ಹಾಗೇ ನಿಂತಿದ್ದೆವು. ರಸ್ತೆಯಲ್ಲಿ ದೀಪ ಹತ್ತಿದವು.

"ಬಂತು" ಎಂದರು ಅಕ್ಕ, ಬಹಳ ಮೆಲ್ಲಗೆ.

ನಾನು ಕೈ ಬಿಟ್ಟೆ.